ನೊಣ ಹಿಡಿಯುವ ಗಿಡದ ನಿದ್ದೆಯೂ ನನ್ನ ಮೀಸೆಯೂ

ಗಿಡ ಸಾಕುವವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ. ನಾಯಿ ಸಾಕಿದವನಿಗೆ ಯಾರೂ ಬುದ್ಧಿ ಹೇಳಲು ಬರುವುದಿಲ್ಲ, ಕಚ್ಚೀತು ಅಂತ ಭಯ. ಗಿಡ ಸಾಕಿದವನಿಗೆ ದಾರಿಯಲ್ಲಿ ಹೋಗುವವರೆಲ್ಲ ಗುರುಗಳೇ. ನನ್ನದು ಕಚ್ಚುವ ಗಿಡವೇ ಆಗಿದ್ದರೂ ಏನೂ ಉಪಯೋಗವಾಗಲಿಲ್ಲ.

ತೊಂಬತ್ತರ ದಶಕದಲ್ಲಿ ನಾನು ಕೆ.ಆರ್. ಪೇಟೆಯ ಒಂದು ಜೂನಿಯರ್ ಕಾಲೇಜಿನಲ್ಲಿ ಜೀವಶಾಸ್ತ್ರ ಹೇಳಿಕೊಡುತ್ತಿದ್ದೆ. ಬೆಂಗಳೂರಿನಲ್ಲಿ ನರ್ಸರಿ ಇಟ್ಟಿದ್ದ ಗೆಳೆಯನೊಬ್ಬ ಸಣ್ಣ ಕುಂಡವೊಂದರಲ್ಲಿ ವೀನಸ್ ಫ್ಲೈಟ್ರ್ಯಾಪ್ ಗಿಡ ಕೊಟ್ಟಿದ್ದ. ಎಲೆಯ ತುದಿಯಲ್ಲಿ ಹಲ್ಲಿರುವ ಬಾಯಿ, ನೊಣ ಒಳಗೆ ಕಾಲಿಟ್ಟರೆ ಪಟ್ಟನೆ ಮುಚ್ಚಿಕೊಳ್ಳುತ್ತದೆ. ಮಳೆಗಾಲವೆಲ್ಲ ಅದು ನಮ್ಮ ಸ್ಟಾಫ್ ರೂಮಿನ ಕಿಟಕಿಯಲ್ಲಿ ಕೂತು ನೊಣ ಹಿಡಿಯಿತು. ಆ ಕೋಣೆಯಲ್ಲಿ ದಿನವೂ ತಪ್ಪದೆ ಕೆಲಸ ಮಾಡುತ್ತಿದ್ದುದು ಅದೊಂದೇ.

ಕಾರ್ತಿಕ ಬರುತ್ತಿದ್ದಂತೆ ಎಲೆಗಳು ಒಂದೊಂದೇ ಕಪ್ಪಾದವು. ಇದು ಆ ಗಿಡದ ಸ್ವಭಾವ. ಚಳಿಗಾಲವೆಲ್ಲ ಮಲಗುತ್ತದೆ. ಎಲೆ ಸತ್ತರೂ ಬುಡ ಬದುಕಿರುತ್ತದೆ. ಆಗ ಅದಕ್ಕೆ ಬೇಕಾದ್ದು ಮೂರೇ ಸಂಗತಿ: ತಂಪು, ಉಪ್ಪಿಲ್ಲದ ಶುದ್ಧ ನೀರು, ಮತ್ತು ಊಟ ಹಾಕದೆ ಸುಮ್ಮನಿರುವ ಜನ. ಮೊದಲಿನ ಎರಡು ಸಿಕ್ಕರೂ ಮೂರನೆಯದು ನಮ್ಮ ಕಡೆ ಸಿಗುವುದಿಲ್ಲ ಎಂದು ನನಗಾಗ ಗೊತ್ತಿರಲಿಲ್ಲ.

"ಸತ್ತೋಗದೆ ಬುಡಿ ಸಾ, ತಿಪ್ಪೆಗೆ ಆಕಿ" ಎಂದರು ನಾಗಮಂಗಲದ ಕಡೆಯ ನಮ್ಮ ಫಿಸಿಕ್ಸ್ ಲೆಕ್ಚರರು.

"ಮಲಗಿದೆ ಸಾರ್" ಎಂದೆ.

"ನಮ್ ತಾತನೂ ಅಂಗೇ ಮಲಗ್ದ. ಇನ್ನೂ ಎದ್ದಿಲ್ಲ."

ಎಲ್ಲರೂ ನಕ್ಕರು. ನನಗೆ ರೇಗಿತು. ಶಿವರಾತ್ರಿ ಕಳೆದ ಸೋಮವಾರ ಇದೇ ಮೇಜಿನ ಮೇಲೆ ಈ ಗಿಡ ನೊಣ ಹಿಡಿಯದಿದ್ದರೆ ಮೀಸೆ ಬೋಳಿಸುತ್ತೇನೆ ಎಂದುಬಿಟ್ಟೆ. ನನ್ನ ಮೀಸೆ ಬರೀ ಮೀಸೆಯಲ್ಲ. ಅದಿಲ್ಲದ ನನ್ನ ಮುಖ ಫಸ್ಟ್ ಪಿಯುಸಿಯವನದು. ಕೆಲಸಕ್ಕೆ ಸೇರಿದ ಹೊಸತರಲ್ಲಿ ಬಸ್ ಕಂಡಕ್ಟರ್ ನನ್ನಿಂದ ಪಾಸ್ ಕೇಳಿದ ಮೇಲೆಯೇ ಅದನ್ನು ಬೆಳೆಸಿದ್ದು. ಕ್ಲಾಸಿನಲ್ಲಿ ಹುಡುಗರು ಹೆದರುತ್ತಿದ್ದುದು ಅದಕ್ಕೇ, ನನಗಲ್ಲ.

ಬ್ಯಾಟರಿ ನೀರು

ನಮ್ಮ ಬೋರ್‌ವೆಲ್ ನೀರು ಕುಡಿದರೆ ಈ ಗಿಡ ಸಾಯುತ್ತದೆ. ನಾವು ಕುಡಿದು ಬದುಕಿದ್ದೇವೆ, ಅದು ಬೇರೆ ಮಾತು. ಹಿಡಿದಿಟ್ಟಿದ್ದ ಮಳೆನೀರು ಮುಗಿದ ಮೇಲೆ ಬಸ್‌ಸ್ಟ್ಯಾಂಡಿನ ಹತ್ತಿರ ಬ್ಯಾಟರಿ ಅಂಗಡಿಗೆ ಹೋಗಿ ಡಿಸ್ಟಿಲ್ಡ್ ವಾಟರ್ ಕೇಳಿದೆ.

"ಯಾವ ಗಾಡಿ ಸಾ?" ಅಂಗಡಿಯವನು ಕೇಳಿದ.

"ಗಾಡಿಗಲ್ಲಪ್ಪ, ಗಿಡಕ್ಕೆ."

ಅವನು ಕ್ಯಾನು ಕೆಳಗಿಟ್ಟ. "ಗಿಡಕ್ಕೆ ಏನಾಗದೆ?"

"ಕಪ್ಪಾಗಿದೆ. ಅಲ್ಲಾಡ್ತಿಲ್ಲ. ಚಳಿಗೆ ಮಲಗಿದೆ."

ಅವನು ತಿಳಿದವನ ಮುಖ ಮಾಡಿಕೊಂಡು, "ಚಳೀಲಿ ಎಲ್ಲಾ ಇಂಗೇ ಸಾ. ಬರೀ ನೀರು ಉಯ್ದ್ರೆ ಏಳಾಕಿಲ್ಲ. ತಂದು ಒಂದ್ ರಾತ್ರಿ ನಮ್ಮಂಗಡೀಲಿ ಬುಡಿ, ಚಾರ್ಜಿಗೆ ಆಕ್ತೀನಿ" ಅಂದ.

ಬೇಡವೆಂದು ನೀರು ತೆಗೆದುಕೊಂಡು ಬಂದೆ. ಅವನು ಸುಮ್ಮನಿರಬೇಕಲ್ಲ. ಆಮೇಲೆ ಚಳಿಗಾಲ ಮುಗಿಯುವ ತನಕ ಬಸ್‌ಸ್ಟ್ಯಾಂಡ್ ದಾಟುವಾಗಲೆಲ್ಲ ಆಟೋದವರು, ಟ್ರಾಕ್ಟರಿನವರು, ಕಡಲೆಕಾಯಿ ಮಾರುವವರು ಎಲ್ಲರೂ ಒಂದೇ ಕೂಗು: "ಮೇಷ್ಟ್ರೇ, ಸ್ಟಾರ್ಟಾಯ್ತಾ?"

ಬಾಡಿನ ತುಣುಕು

ಕಾಲೇಜಿನಲ್ಲಿ ಬಿಟ್ಟರೆ ಫಿಸಿಕ್ಸ್‌ನವರು ಏನಾದರೂ ಮಾಡಿಯಾರು ಎಂದು ಕುಂಡವನ್ನು ಮನೆಗೆ ತಂದೆ. ನಾನಿದ್ದುದು ಒಂದು ಬೇಸಾಯದ ಮನೆಯ ಹಿಂಬದಿಯ ಕೋಣೆಯಲ್ಲಿ. ಮನೆಯೊಡತಿ ಅಕ್ಕಿಹೆಬ್ಬಾಳಿನ ಕಡೆಯವರು, ಬಹಳ ಒಳ್ಳೆಯವರು. ಒಳ್ಳೆಯವರಿಂದ ತಪ್ಪಿಸಿಕೊಳ್ಳುವುದು ಕಷ್ಟ.

"ಇದು ಈಗ ಏನೂ ತಿನ್ನೋದಿಲ್ಲ ಅಕ್ಕ. ಏನೂ ಹಾಕಬಾರದು" ಎಂದು ಬಿಡಿಸಿ ಹೇಳಿದ್ದೆ. ತಲೆಯಾಡಿಸಿದ್ದರು.

ಭಾನುವಾರ ನೋಡುತ್ತೇನೆ, ಅಳಿದುಳಿದಿದ್ದ ಒಂದೇ ಹಸಿರು ಬಾಯಿಯಿಂದ ಕುರಿಬಾಡಿನ ತುಣುಕು ಇಣುಕುತ್ತಿದೆ. ಸುತ್ತ ಮಸಾಲೆ. ಮಾರನೆಯ ವಾರಕ್ಕೆ ಆ ಎಲೆ ಕೊಳೆತು ಬಿತ್ತು.

"ಯಾಕಕ್ಕ ಹಿಂಗೆ ಮಾಡಿದ್ರಿ?" ಎಂದೆ, ಅಳುವುದೊಂದು ಬಾಕಿ.

"ಮನೇಲಿ ಬಾಡು ಬೇಯ್ತಿರುವಾಗ ಒಂದು ಜೀವ ಮೂಲೇಲಿ ಅಸ್ಕೊಂಡು ಕುಂತಿದ್ರೆ ನಮ್ ಗಂಟ್ಲಲ್ಲಿ ಇಳೀತದಾ ಮೇಷ್ಟ್ರೇ?" ಎಂದವರು ಕೊಳೆತ ಎಲೆಯನ್ನು ಕೈಗೆತ್ತಿಕೊಂಡು ನೋಡಿದರು. ಮುಖದಲ್ಲಿ ನಿಜವಾದ ನೋವಿತ್ತು. "ಬಾಡು ವಸಿ ಬಲ್ತಿತ್ತು ಅಂತ ನಾನು ಅವತ್ತೇ ಅಂದೆ. ಬರೋ ವಾರ ಈಲಿ ಆಕ್ತೀನಿ ಬುಡಿ, ಮೆತ್ಗಿರ್ತದೆ."

ಪಡಸಾಲೆಯ ಫ್ರಿಜ್ಜು

ಈಲಿ ಅಂದರೆ ಕುರಿಯ ಲಿವರ್ರು; ಅದರಿಂದ ಗಿಡವನ್ನು ಪಾರು ಮಾಡಬೇಕು. ಮೇಲಾಗಿ ನಮ್ಮ ಕಡೆಯ ಚಳಿ ಬೆಳಿಗ್ಗೆ ಬಂದು ಮಧ್ಯಾಹ್ನಕ್ಕೆ ಹೊರಟುಹೋಗುವ ಚಳಿ. ಅಂಥ ಊರಿನಲ್ಲಿ ಗಿಡವನ್ನು ಫ್ರಿಜ್ಜಿನಲ್ಲಿಡಬಹುದು ಎಂದು ನರ್ಸರಿಯ ಗೆಳೆಯ ಹೇಳಿದ್ದ. ನಮ್ಮ ನೆಂಟರಲ್ಲಿ ಫ್ರಿಜ್ಜಿದ್ದುದು ಪಾಂಡವಪುರದ ಭಾವನ ಮನೆಯಲ್ಲಿ ಮಾತ್ರ. ಭಾವ ಅಂದರೆ ಅಕ್ಕನ ಗಂಡ, ಕಲ್ಲಿನ ಕಂಟ್ರಾಕ್ಟು. ಮಡಿಲಲ್ಲಿ ಕುಂಡ ಇಟ್ಟುಕೊಂಡು ಬಸ್ಸು ಹತ್ತಿದೆ. ಚಿನಕುರಳಿಯಲ್ಲಿ ಹತ್ತಿದ ಅಜ್ಜಿಯೊಬ್ಬರು ಕಪ್ಪಾದ ಗಿಡವನ್ನೂ ನನ್ನ ಮುಖವನ್ನೂ ನೋಡಿ, "ಅಳಬ್ಯಾಡ ಕಣ ಮಗ, ಇನ್ನೊಂದು ನೆಟ್ಕೊಂಡ್ರಾಯ್ತು" ಎಂದು ಸಮಾಧಾನ ಮಾಡಿದರು.

ಭಾವನ ಫ್ರಿಜ್ಜು ಅಡುಗೆಮನೆಯಲ್ಲಿರಲಿಲ್ಲ. ಪಡಸಾಲೆಯಲ್ಲಿ, ಬಾಗಿಲು ತೆರೆದರೆ ಬೀದಿಗೆ ಕಾಣುವಂತೆ ನಿಂತಿತ್ತು. ಮೈಮೇಲೆ ಕಸೂತಿ ಹಾಕಿದ ಬಟ್ಟೆ, ತಲೆಮೇಲೆ ಪ್ಲಾಸ್ಟಿಕ್ ಹೂವು. ಭಾವ ಜೇಬಿನಿಂದ ಬೀಗದ ಕೈ ತೆಗೆದು, "ಇಡ್ಲಾ ಬಾಮೈದ, ನಿನ್ ಗಿಡಕ್ಕೆ ಇಲ್ಲಿ ಕಾಶ್ಮೀರ" ಎಂದರು.

ಮುಂದಿನ ವಾರ ನೋಡಲು ಹೋದೆ. ಬಾಗಿಲು ತೆಗೆದರೆ ಒಳಗೆ ಮಸಿಬಟ್ಟೆ ಬೇಯಿಸಿದಂಥ ಧಗೆ. ನನ್ನ ಗಿಡದ ಒಂದು ಪಕ್ಕ ಅಕ್ಕನ ರೇಷ್ಮೆ ಸೀರೆ, ಇನ್ನೊಂದು ಪಕ್ಕ ಕೊಬ್ಬರಿ.

"ಭಾವ, ಕರೆಂಟು?"

"ನೆಂಟ್ರು ಬಂದಾಗ ಆಕ್ತೀವಿ ಕಣ್ಲಾ. ಸುಮ್ನೆ ಯಾಕೆ ಉರಿಸ್ಬೇಕು?"

"ಹಂಗಾದ್ರೆ ನಾನು ಬಂದಿದೀನಲ್ಲ!"

ಭಾವ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನೀನ್ಯಾವ ಸೀಮೆ ನೆಂಟನ್ಲಾ? ಬರೀ ಗಿಡ ಇಡ್ಕೊಂಡು ಬಂದಿದೀಯ."

ಕರಿ ಎಲೆ

ಕುಂಡದೊಡನೆ ವಾಪಸ್ಸು ಬಂದೆ. ಹಿತ್ತಿಲ ನೆರಳಿನಲ್ಲಿ ಅಗಲವಾದ ಬೋಗುಣಿಗೆ ಮರಳು ತುಂಬಿ, ನೀರು ಹಾಕಿ, ಕುಂಡ ಹೂತು, ಸುತ್ತ ಒದ್ದೆ ಗೋಣಿಚೀಲ ಸುತ್ತಿದೆ. ತಂಪಿನ ಸಮಸ್ಯೆ ಮುಗಿಯಿತು. ಈಲಿಯ ಸಮಸ್ಯೆ ಹಾಗೇ ಇತ್ತು. ಮನೆಯೊಡತಿ ತಟ್ಟೆ ಹಿಡಿದು ಬರುತ್ತಲೇ ಇದ್ದರು. ಬೇರು, ಕೋಶ, ಸುಪ್ತಾವಸ್ಥೆ ಅಂತ ಪಾಠ ಮಾಡಿದೆ. ಪಿಯುಸಿ ಹುಡುಗರಷ್ಟೇ ಗಮನವಿಟ್ಟು ಕೇಳಿದರು, ಅಂದರೆ ಕೇಳಲಿಲ್ಲ.

"ಅಲ್ಲಾ ಮೇಷ್ಟ್ರೇ, ಮೊನ್ನೆಗಂಟ ನೊಣ ತಿಂತಿತ್ತು. ಈಗ ಇದ್ದಕ್ಕಿದ್ದಂಗೆ ಬಾಡು ಯಾಕೆ ಬ್ಯಾಡ?"

ನನಗೆ ಸಾಕಾಗಿಹೋಗಿತ್ತು. ಅಷ್ಟರಲ್ಲಿ ಬೀದಿಯಲ್ಲಿ ಕರಿ ಪಂಚೆ ಉಟ್ಟ ಅಯ್ಯಪ್ಪನ ಭಕ್ತರ ಗುಂಪೊಂದು ಬರಿಗಾಲಲ್ಲಿ ಹೋಗುತ್ತಿತ್ತು. ನಾನು ಕರಿ ಎಲೆಗಳನ್ನು ತೋರಿಸಿ, "ಮಾಲೆ ಹಾಕಿದೆ ಅಕ್ಕ" ಅಂದೆ.

ಅವರು ಕೈಯಲ್ಲಿದ್ದ ತಟ್ಟೆಯನ್ನು ದೂರ ಇಟ್ಟರು. "ಅಯ್ಯೋ ಸಿವನೇ, ಮೊದ್ಲೇ ಯೋಳಬಾರ್ದಾ!" ಎಂದು ಕೆನ್ನೆ ಕೆನ್ನೆ ಬಡಿದುಕೊಂಡರು. ಅಲ್ಲಿಗೆ ಮುಗಿಯಿತು. ವರ್ಷಗಟ್ಟಲೆ ಓದಿದ ಜೀವಶಾಸ್ತ್ರ ಮಾಡಲಾಗದ್ದನ್ನು ಒಂದು ಸುಳ್ಳು ಮಾಡಿತು. ಯಾರೂ ಮುಟ್ಟಲಿಲ್ಲ. ಹಿತ್ತಿಲಿಗೆ ಬರುವವರು ಚಪ್ಪಲಿ ಬಿಟ್ಟು ಬಂದರು. ಬೀಡಿ ಸೇದುವವರು ದೂರ ಹೋಗಿ ಸೇದಿದರು.

ಆದರೆ ಸ್ವಾಮಿ ಇರುವ ಮನೆಯಲ್ಲಿ ಬಾಡು ಬೇಯಿಸುವಂತಿಲ್ಲವಲ್ಲ. ಮನೆಗೂ ನನಗೂ ಸೊಪ್ಪಿನ ಸಾರೇ ಗತಿಯಾಯಿತು. ಸಂಕ್ರಾಂತಿ ಕಳೆದು ಊರಿನ ಭಕ್ತರೆಲ್ಲ ಮಾಲೆ ತೆಗೆದು ಬಾಡೂಟಕ್ಕೆ ಮರಳಿದರೂ ನನ್ನ ಗಿಡ ಏಳಲಿಲ್ಲ. ಮನೆಯ ಯಜಮಾನರು ಬಾಡಿಲ್ಲದೆ ಮುದ್ದೆ ನುಂಗದವರು. ಒಂದು ಬೆಳಿಗ್ಗೆ ಬೋಗುಣಿಯ ಮುಂದೆ ಕೈಮುಗಿದು ಕೂತು ಗಿಡವನ್ನೇ ಕೇಳುತ್ತಿದ್ದರು: "ಎಲ್ರೂ ಬೆಟ್ಟಕ್ಕೋಗಿ ಬಂದಾಯ್ತು ಸ್ವಾಮಿ. ತಾವು ಯಾವಾಗ ಒರಡ್ತೀರಿ?"

ಆಲೆಮನೆಯ ನೊಣ

ಶಿವರಾತ್ರಿ ಕಳೆದ ಶನಿವಾರ ಬುಡದಿಂದ ಒಂದೇ ಒಂದು ಎಲೆ ಎದ್ದು ಬಾಯಿ ತೆರೆಯಿತು. ಉಗುರಿನಷ್ಟು, ಎಳೆ ಹಸಿರು. ನನ್ನ ಕಣ್ಣಲ್ಲಿ ನಿಜಕ್ಕೂ ನೀರು ಬಂತು. ಮೀಸೆ ಉಳಿಯಿತು! ಅಂಗಳಕ್ಕೆ ಓಡಿ, "ಅಕ್ಕಾ, ಮಾಲೆ ತೆಗೀತು!" ಎಂದು ಕೂಗಿದೆ. ಯಜಮಾನರು ಅಂಗಿ ಹಾಕಿಕೊಳ್ಳದೆಯೇ ಬಾಡಿನಂಗಡಿಗೆ ಹೊರಟರು.

ಭಾನುವಾರ ಪಾಂಡವಪುರಕ್ಕೆ ಹೋಗಿ ಗಿಡ ಎದ್ದಿದ್ದನ್ನು ಭಾವನಿಗೆ ಹೇಳಿಕೊಂಡು ಮೆರೆದು ಬಂದೆ. ಸೋಮವಾರ ಬೆಳಿಗ್ಗೆ ಅವಸರದಲ್ಲಿ ಕುಂಡಕ್ಕೆ ಟವೆಲ್ ಮುಚ್ಚಿ ಕಾಲೇಜಿಗೆ ಒಯ್ದೆ. ಸ್ಟಾಫ್ ರೂಮು ತುಂಬಿತ್ತು. ಫಿಸಿಕ್ಸ್‌ನವರು ತಯಾರಾಗಿಯೇ ಬಂದಿದ್ದರು. ಬಲಗಡೆ ಗಾಜಿನ ಲೋಟದಲ್ಲಿ ಆಲೆಮನೆಯಿಂದ ಹಿಡಿದು ತಂದ ದಪ್ಪ ನೊಣ. ಎಡಗಡೆ ಪೆಟ್ಟಿಗೆ ಸಮೇತ ಸೆಲೂನಿನವನು.

ಜಂಬದಿಂದ ಟವೆಲ್ ಎಳೆದೆ. ಇದ್ದ ಒಂದೇ ಬಾಯಿ ಬಿಗಿಯಾಗಿ ಮುಚ್ಚಿತ್ತು.

"ಬಾಯಿ ಬುಡ್ಸಿ ಸಾ" ಎಂದರು ಫಿಸಿಕ್ಸ್‌ನವರು.

"ಒಮ್ಮೆ ಮುಚ್ಚಿದರೆ ಒಂದು ವಾರವಾದರೂ ತೆರೆಯೋದಿಲ್ಲ."

"ಚಳಿಗಾಲ್ದಲ್ಲಿ ಮಲಗಿದೆ ಅಂದ್ರಿ. ಈಗ ಬಾಯ್ ಮುಚ್ಚಿದೆ ಅಂತೀರಿ. ಯಾವಾಗ್ ಸಾ ಇದು ಬದುಕಿರೋದು?"

ಸೆಲೂನಿನವನಿಗೆ ನನ್ನ ಮೇಲೆ ಕನಿಕರ ಬಂತು. ಬಗ್ಗಿ ನೋಡಿದ, ಮೂಸಿದ. "ಸಾ, ಮಸಾಲೆ ವಾಸ್ನೆ! ಇದ್ರ ಬಾಯಲ್ಲಿ ಬಾಡದೆ!"

ಭಾನುವಾರ ನಾನಿಲ್ಲದಾಗ ಮನೆಯೊಡತಿ ವ್ರತ ಮುಗಿಸಿದ ಸ್ವಾಮಿಗೆ ಮೊದಲ ತುತ್ತು ಕೊಟ್ಟಿದ್ದರು. ನನಗೆ ಹೋದ ಜೀವ ಬಂದಂತಾಯಿತು. "ನೋಡಿ! ಬಾಡನ್ನೇ ಹಿಡಿದಿದೆ!" ಎಂದು ಕುಣಿದೆ.

"ಪಂದ್ಯ ನೊಣದ್ದು. ಬಾಡಿಂದಲ್ಲ" ಎಂದರು ಫಿಸಿಕ್ಸ್‌ನವರು.

"ಅಲ್ಲ ಸಾ," ಸೆಲೂನಿನವನು ನನ್ನ ಪರ ನಿಂತ, "ಸತ್ತೋರು ಎಲ್ಲಾದ್ರೂ ಬಾಡು ತಿಂದಾರಾ?"

"ತಿನ್ನಾಕಿಲ್ಲ ಅಂದ್ರೆ ಪಿತೃಪಕ್ಷದಲ್ಲಿ ನಿಮ್ಮಪ್ಪಂಗೆ ಯಾಕ್ಲಾ ಬಾಡಿನ ಎಡೆ ಇಕ್ತೀಯ?"

ಕೆಮಿಸ್ಟ್ರಿಯವರು ತಲೆದೂಗಿದರು. ಮ್ಯಾಥ್ಸ್‌ನವರು "ಕರೆಕ್ಟ್ ಪಾಯಿಂಟು" ಅಂದರು. ವಿಜ್ಞಾನ ವಿಭಾಗ ಪೂರ್ತಿ ಒಂದೇ ಮನಸ್ಸಿನಿಂದ ಒಂದು ತೀರ್ಮಾನಕ್ಕೆ ಬಂದದ್ದು ನನಗೆ ತಿಳಿದಂತೆ ಅದೇ ಮೊದಲು. ಸೆಲೂನಿನವನು ಪೆಚ್ಚುಮುಖ ಮಾಡಿಕೊಂಡು ನನ್ನ ಮೇಲ್ದುಟಿಗೆ ನೀರು ಸವರಿದ.

ಸಂಜೆ ಕರ್ಚೀಫು ಮುಚ್ಚಿಕೊಂಡು ಮನೆಗೆ ಬಂದೆ. ಇವತ್ತು ಮನೆಯೊಡತಿಗೆ ಬಾಯಿಗೆ ಬಂದಂತೆ ಅಂದುಬಿಡಬೇಕು ಎಂದುಕೊಂಡೇ ಅಂಗಳಕ್ಕೆ ಕಾಲಿಟ್ಟೆ. ಕರ್ಚೀಫು ತೆಗೆದೆ. ಮನೆಯೊಡತಿ ನನ್ನ ಬೋಳು ಮುಖವನ್ನು ನೋಡಿದರು, ಕೈಯಲ್ಲಿದ್ದ ಕುಂಡವನ್ನು ನೋಡಿದರು, ಅದರ ಬುಡದಲ್ಲಿ ಆಗತಾನೇ ಇಣುಕುತ್ತಿದ್ದ ಇನ್ನೊಂದು ಹಸಿರು ಕುಡಿಯನ್ನು ನೋಡಿದರು. ಕಣ್ಣು ತುಂಬಿಕೊಂಡು ಎರಡೂ ಕೈ ಮುಗಿದರು.

"ನಂಗೊತ್ತಿತ್ತು ಕಣ್ ಮೇಷ್ಟ್ರೇ, ನೀವೇನೋ ಅರಕೆ ಒತ್ಕೊಂಡೇ ಇದ್ದೀರಿ ಅಂತ. ಮೀಸೆ ಕೊಟ್ಟಿದ್ದಕ್ಕೇ ಅದು ಉಳ್ಕೊಂಡದ್ದು. ಬರೋ ವರ್ಸ ತಲೆ ಮುಡೀನೂ ಕೊಡ್ತೀನಿ ಅಂತ ಯೋಳ್ಕೊಂಬುಡಿ, ಗಿಡ ಗಟ್ಟಿಯಾಯ್ತದೆ."