ನಡುಗಡ್ಡೆಯಲ್ಲಿ ದೋಣಿ ಕಟ್ಟುವ ನಿಯಮಗಳು

ಬಂದವರ ದೋಣಿಯನ್ನು ಗೂಟಕ್ಕೆ ಕಟ್ಟಿಸುವುದೂ ಒಂದು ಕೆಲಸವೇ ಎಂದು ನೆಂಟರು ನಗುತ್ತಾರೆ. ನಗಲಿ. ಹಿನ್ನೀರಿನ ನಡುಗಡ್ಡೆಯಲ್ಲಿ ನನ್ನ ಜೊತೆ ನಾಲ್ಕು ದಿನ ಕೂತು ನೋಡಿದರೆ ಅವರಿಗೇ ಗೊತ್ತಾಗುತ್ತದೆ, ಇಲ್ಲಿ ತಮಾಷೆಗೆ ಬರವೇ ಇಲ್ಲ. ಸಾಗರದ ಕಡೆಯಿಂದಲೋ ಹೊಸನಗರದ ಕಡೆಯಿಂದಲೋ ಜನ ದೋಣಿಯಲ್ಲಿ ಬರುತ್ತಾರೆ. ದಡ ಸಮಿತಿಯ ಪರವಾಗಿ ನಾನು ಶುಲ್ಕ ತೆಗೆದುಕೊಂಡು, ಬೋರ್ಡಿನಲ್ಲಿರುವ ನಿಯಮ ಓದಿ ಹೇಳಬೇಕು. ನಡುಗಡ್ಡೆ ಅಂದರೆ ಮುಳುಗಿದ ಊರೊಂದರ ಗುಡ್ಡದ ನೆತ್ತಿ. ಬೇಸಿಗೆಯಲ್ಲಿ ನೀರು ಇಳಿದಾಗ ಆ ಊರಿನ ಮರಗಳ ಒಣ ಬೊಡ್ಡೆಗಳು ಸುತ್ತಲೂ ತಲೆ ಎತ್ತುತ್ತವೆ. ಅದರಲ್ಲೊಂದು ಬೊಡ್ಡೆ ಉಳಿಯಲಿ ಎಂದು ಒಬ್ಬರು ಅಜ್ಜಿ ಈ ಬೇಸಿಗೆ ಪಟ್ಟ ಪಾಡು ನೆನೆದರೆ ನಗುವೂ ಬರುತ್ತದೆ, ಅಳುವೂ ಬರುತ್ತದೆ.

ಹೊತ್ತ ದೋಣಿ

ನಮ್ಮಲ್ಲಿ ಶುಲ್ಕ ಇರುವುದು ದಡಕ್ಕೆ ಕಟ್ಟಿದ ದೋಣಿಗೆ ಮಾತ್ರ. ಗಾಳಿ ತುಂಬಿದ ರಬ್ಬರ್ ದೋಣಿಯಲ್ಲಿ ನಾಲ್ವರು ಗೆಳೆಯರು ಬಂದರು. ಬೋರ್ಡನ್ನು ಪರೀಕ್ಷೆಗೆ ಓದುವವರ ಹಾಗೆ ಓದಿ, ದೋಣಿಯನ್ನು ಎತ್ತಿ ತಲೆಯ ಮೇಲೆ ಇಟ್ಟುಕೊಂಡರು.

"ಇದೇನ್ರೀ?" ಎಂದೆ.

"ಕಟ್ಟಿಲ್ಲ ಸಾರ್, ಹೊತ್ತಿದೀವಿ."

ನಿಯಮದಲ್ಲಿ ಹೊರುವುದರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಮೂವರು ಹೊತ್ತು ನಿಲ್ಲುವುದು, ಒಬ್ಬ ಹೋಗಿ ಗುಡ್ಡ ನೋಡಿಕೊಂಡು ಬರುವುದು, ಹೀಗೆ ಸರದಿ ನಡೆಯಿತು. ಬಿಸಿಲಿಗೆ ಸೋತು ಬೆವರಿಳಿಸುತ್ತಾ ಒಬ್ಬ ನನ್ನನ್ನು ಕೇಳಿದ, "ಸಾರ್, ಆ ಮರದ ನೆರಳಿಗೆ ಬಂದರೆ ಅದಕ್ಕೆ ಬೇರೆ ಶುಲ್ಕ ಇದೆಯಾ?"

ಹೊಣೆ ಯಾರದ್ದು?

ತೀರ್ಥಹಳ್ಳಿಯಿಂದ ಒಬ್ಬರು ನಿವೃತ್ತ ಮೇಷ್ಟ್ರು ಹೆಂಡತಿಯ ಜೊತೆ ಬಾಡಿಗೆ ದೋಣಿ ತಂದಿದ್ದರು. ದಡದ ಗೂಟಕ್ಕೆ ಕಟ್ಟಿ ಎಂದರೆ ಕೇಳಲಿಲ್ಲ, ನೀರಲ್ಲಿ ನಿಂತ ಒಂದು ಬೊಡ್ಡೆಗೆ ಕಟ್ಟಿದರು. ಒಳಗೆಲ್ಲ ಕೊಳೆತು ಲಡ್ಡಾಗಿದ್ದ ಬೊಡ್ಡೆ ಲಟಕ್ಕೆಂದು ಮುರಿದು, ದೋಣಿಯನ್ನೂ ಕರೆದುಕೊಂಡು ಹೊರಟುಹೋಯಿತು.

ಮೇಷ್ಟ್ರು ನನ್ನ ಮೇಲೆ ಎಗರಿದರು. ನಾನು ಬೋರ್ಡು ತೋರಿಸಿದೆ: ದೋಣಿಗೆ ದೋಣಿಯವರೇ ಹೊಣೆ.

"ಸರಿ, ದೋಣಿಗೆ ನಾವು ಹೊಣೆ. ನಮಗೆ ಯಾರು ಹೊಣೆ?"

ನಾನು ಮತ್ತೆ ಬೋರ್ಡಿನಲ್ಲಿ ಹುಡುಕುತ್ತಿರುವಾಗ ಕಲ್ಲಿನ ಮೇಲೆ ಕೂತಿದ್ದ ಅವರ ಹೆಂಡತಿ ಹೇಳಿದರು, "ಅವರನ್ನೆಂತಕ್ಕೆ ಕೇಳ್ತೀರಿ? ನನಗೆ ನೀವೇ ಹೊಣೆ ಅಂತ ನಂಬ್ಕೊಂಡು ಮದುವೆ ಆದಾಗಿಂದ ಕೂತಿದೀನಿ. ಇನ್ನೂ ದಡ ಕಂಡಿಲ್ಲ."

ಪಾಲು

ಮೇಷ್ಟ್ರ ದೂರು ಸಮಿತಿಗೆ ಹೋಯಿತು. ನಾಳೆ ಯಾರಾದರೂ ಮುಳುಗಿದರೆ ನಮ್ಮ ತಲೆಗೆ ಬರುತ್ತದೆ ಎಂದು ಅಧ್ಯಕ್ಷರು ಹೆದರಿದರು. ಬೊಡ್ಡೆಗಳನ್ನೆಲ್ಲ ಕಡಿದು, ದೋಣಿ ಕಟ್ಟಲು ತೇಲುವ ಡ್ರಮ್ಮು ಬಿಡುವುದೆಂದು ತೀರ್ಮಾನವಾಯಿತು. ಗರಗಸ ಹಿಡಿದು ಬಂದವರು ಮುಳುಗಡೆಯ ಮನೆಗಳವರೇ. ಇಲ್ಲೊಂದು ಪದ್ಧತಿ ಉಂಟು, ನನಗೆ ಅದನ್ನು ಕಂಡರೆ ಬಹಳ ಪ್ರೀತಿ. ಪ್ರತಿ ಬೊಡ್ಡೆಗೂ ಇಂದಿಗೂ ಒಬ್ಬ ಯಜಮಾನ ಇದ್ದಾನೆ. ದೋಣಿ ಕಟ್ಟಬೇಕಾದರೂ ಊರಿನವರು ಅವನನ್ನು ಒಂದು ಮಾತು ಕೇಳುತ್ತಾರೆ. ಹಾಗಿರುವಾಗ ಕೇಳದೆ ಕಡಿಯುವುದುಂಟೇ? ನೀರಿನ ನಡುವೆ ದೋಣಿ ನಿಲ್ಲಿಸಿಕೊಂಡು ಸಾಗರದಲ್ಲಿರುವ ಯಜಮಾನರೊಬ್ಬರಿಗೆ ಫೋನು ಹಚ್ಚಿದರು.

"ಹಿತ್ತಲ ಹುಣಸೆಯಾ? ಕಡೀರಿ ಮಾರಾಯ್ರೇ, ಎಂತ ಮಾಡೋದು. ಆದರೆ ಅದರ ಅರ್ಧ ನಮ್ಮ ದಾಯಾದಿದು. ಅವನನ್ನೂ ಕೇಳಿ."

ದಾಯಾದಿಗೆ ಫೋನು ಹೋಯಿತು. ಊರು ಮುಳುಗಿ ಒಂದು ತಲೆಮಾರೇ ಕಳೆದಿದೆ, ಆ ಮನುಷ್ಯನ ಸಿಟ್ಟು ಮಾತ್ರ ಮುಳುಗಿರಲಿಲ್ಲ.

"ಅವನ ಪಾಲಿಂದು ಅವ ಏನಾದ್ರೂ ಮಾಡ್ಕೊಳ್ಲಿ. ನನ್ನ ಅರ್ಧ ನಿಲ್ಲಿಸಿ, ಅವನದು ಮಾತ್ರ ಕಡೀರಿ!"

ಮರಿಗೆ

ಅಜ್ಜಿಯದು ಹೆಬ್ಬಲಸಿನ ಬೊಡ್ಡೆ, ಅವರ ತವರುಮನೆಯ ಹಿಂದಿದ್ದದ್ದು. ಅದರ ಬುಡದಲ್ಲಿ ಅವರ ಪುಟ್ಟ ತಮ್ಮನನ್ನು ಮಣ್ಣು ಮಾಡಿದ್ದರು. ಜ್ವರ ಬಂದು ಹೋದ ಕೂಸು. ಊರು ಬಿಡುವಾಗ ಬಾಗಿಲು, ತೊಲೆ, ಒರಳು ಎಲ್ಲವನ್ನೂ ಗಾಡಿಗೆ ಹೇರಿದರಂತೆ. ಅವನನ್ನು ಹೇಗೆ ಹೇರುವುದು? ಬೇಸಿಗೆ ಬಂದರೆ ಅಜ್ಜಿ ದೋಣಿಯಲ್ಲಿ ಬಂದು ಬೊಡ್ಡೆಯನ್ನು ಮುಟ್ಟಿ, ಸ್ವಲ್ಪ ಹಾಲೆರೆದು ಹೋಗುತ್ತಿದ್ದರು. ಅಷ್ಟು ನೀರಿನಲ್ಲಿ ಅವನಿರುವ ಜಾಗಕ್ಕೆ ಬೇರೆ ಗುರುತೇ ಇಲ್ಲ. ಕಡಿಯಬೇಡಿ ಎಂದು ಅಧ್ಯಕ್ಷರ ಮನೆಗೂ ಹೋಗಿ ಬೇಡಿಕೊಂಡಿದ್ದರು. "ಒಂದು ಬಿಟ್ಟರೆ ಎಲ್ಲ ಬಿಡಬೇಕಾಗ್ತದೆ ಅಮ್ಮಾ, ನಿಯಮ ನಿಯಮವೇ" ಎಂದು ಅವರು ಕಳಿಸಿದ್ದರು.

ಕಡಿಯುವ ದಿನ ಅಧ್ಯಕ್ಷರೂ ಬಂದರು. ಹೋಗಿ ನೋಡಿದರೆ ಹೆಬ್ಬಲಸಿನ ಬೊಡ್ಡೆಗೆ ಬೋಗುಣಿಯಂಥ ಒಂದು ಮರದ ಮರಿಗೆ ಕಟ್ಟಿದೆ. ಹಿಂದೆ ಮನೆಗಳಲ್ಲಿ ಕೂಸುಗಳಿಗೆ ನೀರೆರೆಯಲು ಇಟ್ಟುಕೊಳ್ಳುತ್ತಿದ್ದರಲ್ಲ, ಅಂಥದ್ದು. ತೆಂಗಿನ ಹಗ್ಗದಲ್ಲಿ ಬಿಗಿದ ಮರಿಗೆ ನೀರಿನ ಮೇಲೆ ಮೆಲ್ಲಗೆ ತೂಗುತ್ತಿತ್ತು. ಪಕ್ಕದ ದೋಣಿಯಲ್ಲಿ ಅಜ್ಜಿ ಕೊಡೆ ಬಿಚ್ಚಿಕೊಂಡು ಕೂತಿದ್ದರು.

"ಇದನ್ನ ಬಿಚ್ಚಿ ಅಮ್ಮಾ" ಎಂದರು ಅಧ್ಯಕ್ಷರು.

"ನಿಮ್ಮ ಬೋರ್ಡಲ್ಲಿ ಎಂತ ಬರ್ದಿದೆ? ಕಟ್ಟಿದ ದೋಣಿನ ಯಜಮಾನರನ್ನ ಬಿಟ್ಟು ಬೇರೆಯವರು ಬಿಚ್ಚಬಾರದು, ಬಿಚ್ಚಿದ್ರೆ ಆಗೋ ನಷ್ಟಕ್ಕೆಲ್ಲ ಅವರೇ ಹೊಣೆ ಅಂತ ಇಲ್ವಾ? ನಾನು ಬಿಚ್ಚೋದಿಲ್ಲ. ನೀವು ಬಿಚ್ಚಿ. ಆಮೇಲೆ ಹೊಣೆ ಹೊರಿ."

"ಇದು ದೋಣಿಯಾ?"

"ತೇಲ್ತಾ ಇದೆಯಲ್ಲ ಮಾರಾಯ್ರೇ!"

ಗರಗಸದವರು ಮುಖ ತಿರುಗಿಸಿ ನಕ್ಕರು. ಅಧ್ಯಕ್ಷರಿಗೆ ಅವಮಾನವಾಯಿತೇನೋ, ಪಟ್ಟು ಬಿಡಲಿಲ್ಲ. "ಖಾಲಿ ದೋಣಿ ಕಟ್ಟಿ ಹೋಗೋ ಹಾಗಿಲ್ಲ. ಅದೂ ನಿಯಮದಲ್ಲಿದೆ."

"ಖಾಲಿ ಅಂತ ಯಾರು ಹೇಳಿದ್ರು? ನನ್ನ ತಮ್ಮಂದು ಇದು. ಅವ ಇಲ್ಲೇ ಇದ್ದಾನೆ, ಕೆಳಗೆ."

ಅಧ್ಯಕ್ಷರು ಒಮ್ಮೆ ನೀರು ನೋಡಿದರು, ಒಮ್ಮೆ ಮರಿಗೆ ನೋಡಿದರು. ಆ ಮನುಷ್ಯ ಕೆಟ್ಟವರಲ್ಲ, ಅಷ್ಟು ಜನರ ಮುಂದೆ ಹಿಂದೆ ಸರಿಯಲು ಅವರಿಗೊಂದು ನಿಯಮ ಬೇಕಿತ್ತು ಅಷ್ಟೇ. ನನ್ನ ಕಡೆ ತಿರುಗಿ, "ದೋಣಿ ಕಟ್ಟಿದೆಯಲ್ಲ, ರಸೀದಿ ಬರೀರಿ" ಎಂದರು.

ನಾನು ಪೆನ್ನು ತೆಗೆದೆ. "ಹೆಸರು ಏನಜ್ಜಿ?"

"ಹೆಸರಿಡೋ ಮೊದ್ಲೇ ಹೋದ."

"ವಯಸ್ಸು?"

"ಮೂರು ತಿಂಗಳು."

ಅಧ್ಯಕ್ಷರು ಕನ್ನಡಕ ತೆಗೆದು ಒರೆಸಿದರು, ತುಂಬ ಹೊತ್ತು ಒರೆಸಿದರು. "ಐದು ವರ್ಷದೊಳಗಿನವರಿಗೆ ಶುಲ್ಕ ಇಲ್ಲ. ಫ್ರೀ ಅಂತ ಬರೀರಿ" ಎಂದರು.

"ಎಷ್ಟು ದಿನದವರೆಗೆ ಬರೀಲಿ ಸಾರ್?"

ಅಜ್ಜಿಯೇ ಕೊಡೆಯ ಕೆಳಗಿಂದ ನಗುತ್ತಾ, ಸೆರಗಿನಿಂದ ಕಣ್ಣೊತ್ತಿಕೊಳ್ಳುತ್ತಾ ಹೇಳಿದರು:

"ಅವಂಗೆ ಐದು ತುಂಬೋವರೆಗೆ ಅಂತ ಬರಿ ಮಾರಾಯ. ಅಲ್ಲಿವರೆಗೆ ಯಾರೂ ಕಡಿಯೋದು ಬೇಡ."