ಇಬ್ಬರಿಗೆಂದು ಒಂದು ಹಾಯಿದೋಣಿ

ಬುಧವಾರ ಬೆಳಗ್ಗೆ ಬೇಕರಿಯಲ್ಲಿ ಥ್ರಾಸೋಸ್ ಬ್ರೆಡ್ಡನ್ನಷ್ಟೇ ಕೇಳಿ ಬಂದಿದ್ದರೆ ಈ ಕತೆಯೇ ಇರುತ್ತಿರಲಿಲ್ಲ. ಆದರೆ ಹಿಂದಿನ ಸಂಜೆಯಿಂದ ಅವನೊಳಗೆ ಖುಷಿಯು ಒಲೆಯ ಮೇಲಿನ ಹಾಲಿನಂತೆ ಉಕ್ಕುತ್ತಿತ್ತು. ಮುಚ್ಚಳ ಎಷ್ಟು ಹೊತ್ತು ತಡೆದೀತು?

"ಪೊಲಿಕ್ಸೇನಕ್ಕಾ, ಮುಂದಿನ ವಾರ ಪಡುವಣ ಗಾಳಿ ಜೋರಿರುತ್ತಾ?" ಎಂದು ಕೇಳಿಬಿಟ್ಟ.

ಬ್ರೆಡ್ ಸುತ್ತುತ್ತಿದ್ದ ಪೊಲಿಕ್ಸೇನಿಯ ಕೈ ನಿಂತಿತು. ಬಂದರೂರು ಗಲಾಕ್ಸಿದಿಯ ಅಂಚೆ ಕಚೇರಿಯಲ್ಲಿ ಇಪ್ಪತ್ತಾರು ವರ್ಷದಿಂದ ಕಾಗದಕ್ಕೆ ಮುದ್ರೆ ಒತ್ತುತ್ತಿದ್ದ ಈ ಮನುಷ್ಯ ಗಾಳಿಯ ವಿಚಾರ ಎತ್ತಿದ್ದು ಇದೇ ಮೊದಲು.

"ಜೋರಿದ್ರೆ ನಿನಗೇನಪ್ಪಾ? ಅಂಚೆ ಚೀಟಿ ಹಾರಿಹೋಗುತ್ತಾ?"

"ಏನಿಲ್ಲ, ಸುಮ್ನೆ ಕೇಳ್ದೆ."

"ಸುಮ್ನೆ ಕೇಳೋರ ಕಿವಿ ಹಿಂಗೆ ಕೆಂಪಾಗಲ್ಲ."

ಅವನು ಕಿವಿ ಮುಟ್ಟಿ ನೋಡಿಕೊಂಡ. ಬಿಸಿಯಾಗಿತ್ತು. ಅಲ್ಲಿಗೆ ಕೆಟ್ಟಿತು. ಎರಡೇ ನಿಮಿಷದಲ್ಲಿ ಎಲ್ಲವೂ ಹೊರಬಿತ್ತು. ಬರುವ ಸೋಮವಾರಕ್ಕೆ ಅವನ ಮದುವೆಯಾಗಿ ಇಪ್ಪತ್ತೈದು ವರ್ಷ. ಪಕ್ಕದ ಇತೆಯಾದಲ್ಲಿರುವ ಚಿಕ್ಕಪ್ಪನ ಮಗ ಅರ್ಗಿರಿಸ್ ತನ್ನ ಹಾಯಿದೋಣಿಯನ್ನು ಹತ್ತು ದಿನದ ಮಟ್ಟಿಗೆ ಕೊಡುತ್ತೇನೆಂದಿದ್ದಾನೆ. ಶನಿವಾರ ಬೆಳಗ್ಗೆ ಹೆಂಡತಿಯನ್ನು ಕೂರಿಸಿಕೊಂಡು ದಡದ ಗುಂಟ ಹೊರಡುವುದು. ಮೊದಲು ತ್ರಿಜೋನಿಯಾ, ಆಮೇಲೆ ನಾಫ್‌ಪಾಕ್ತೋಸ್, ಅಲ್ಲಿಂದ ದೊಡ್ಡ ಸೇತುವೆಯ ಅಡಿಯಲ್ಲಿ ಹಾದು ಇಥಾಕಾ ದ್ವೀಪ. ಅವನೂ ಅವಳೂ, ಇಬ್ಬರೇ.

ಅವನ ಹೆಂಡತಿ ಎವಂಥಿಯಾ ಬೆಟ್ಟದೂರಿನ ಹೆಣ್ಣು. ಮದುವೆಯಾಗಿ ಈ ಬಂದರಿಗೆ ಬಂದ ದಿನದಿಂದ ಸಂಜೆಯಾದರೆ ಮಹಡಿಯ ಕಟಕಟೆಗೆ ಒರಗಿ, "ಆ ಬಿಳಿ ಹಾಯಿ ಎಲ್ಲಿಗೆ ಹೋಗ್ತಿರಬಹುದು ಥ್ರಾಸೋ?" ಎಂದು ಕೇಳುತ್ತಿದ್ದಳು. "ನಂಗೇನು ಗೊತ್ತು" ಎಂದು ಇವನು ಪತ್ರಿಕೆಯ ಪುಟ ತಿರುವುತ್ತಿದ್ದ. ಹುಡುಗನಾಗಿದ್ದಾಗ ಅರ್ಗಿರಿಸನ ಜೊತೆ ಕೊಲ್ಲಿಯ ಮೂಲೆ ಮೂಲೆ ಸುತ್ತಿದವನು ಅವನು. ಆಮೇಲೆ ಕೆಲಸ, ಮನೆ, ಮಕ್ಕಳ ಓದು ಎಂದು ಸಮುದ್ರಕ್ಕೆ ಬೆನ್ನು ಹಾಕಿದ್ದ. ಇಪ್ಪತ್ತೈದು ವರ್ಷದ ಪ್ರಶ್ನೆಗೆ ಈ ಸಲ ಉತ್ತರ ಕೊಟ್ಟೇ ತೀರಬೇಕೆಂಬುದು ಅವನ ಹಟ.

"ನಿನ್ನ ಕೈ ಮುಗೀತೀನಿ ಅಕ್ಕ, ಎವಂಥಿಯಾಗೆ ಗೊತ್ತಾಗಬಾರದು."

"ನನ್ನ ಬಾಯಿಂದ ಎವಂಥಿಯಾ ಕಿವಿಗೆ ಹೋಗಲ್ಲ ಬಿಡು," ಎಂದಳು ಪೊಲಿಕ್ಸೇನಿ. ಮಾತಿಗೆ ತಪ್ಪಲಿಲ್ಲ. ಎವಂಥಿಯಾಳೊಬ್ಬಳನ್ನು ಬಿಟ್ಟು ಉಳಿದವರಿಗೆಲ್ಲ ಹೇಳಿದಳು.

ಒಂಬತ್ತಕ್ಕೆ ಅಂಚೆ ಕಚೇರಿಯ ಬಾಗಿಲು ತೆಗೆದರೆ ಸಾಲು ನಿಂತಿತ್ತು. ಯಾರ ಕೈಯಲ್ಲೂ ಕಾಗದವಿರಲಿಲ್ಲ.

ಮೊದಲು ಬಂದವನು ಕ್ಯಾಪ್ಟನ್ ಝೀಸಿಸ್. ನಲವತ್ತು ವರ್ಷ ಸರಕು ಹಡಗುಗಳಲ್ಲಿ ಅಡುಗೆ ಮಾಡಿ ನಿವೃತ್ತನಾದವನು. ಊರಿಗೆ ಬಂದ ಮೇಲೆ ತಾನೇ ಕ್ಯಾಪ್ಟನ್ ಆಗಿಕೊಂಡಿದ್ದ. ಯಾರೂ ಬೇಡವೆನ್ನಲಿಲ್ಲವಾದ್ದರಿಂದ ಹಾಗೇ ಉಳಿದುಕೊಂಡಿತ್ತು.

"ಇಬ್ಬರೇ ಹೋಗ್ತಾರೇನೋ ಮಂಕೆ? ಹಾಯಿ ಎಳೆಯೋಕೆ ಜನ ಬೇಕು, ಚುಕ್ಕಾಣಿಗೆ ತಲೆ ಇರೋನು ಬೇಕು."

"ಚುಕ್ಕಾಣಿ ನಾನೇ ಹಿಡೀತೀನಲ್ಲ, ಕ್ಯಾಪ್ಟನ್."

"ನೀನು ಮುದ್ರೆ ಒತ್ತು. ಚುಕ್ಕಾಣಿ ನನಗೆ ಬಿಡು. ಅಡುಗೆ ಮಾತ್ರ ನನ್ನ ಕೈಲಿ ಆಗಲ್ಲ, ಈಗಲೇ ಹೇಳಿದೀನಿ. ಅದು ನಿನ್ನ ಪಾಲಿಗೆ."

ಅವನ ಹಿಂದೆ ಪಾದ್ರಿ ಲಾಂಬ್ರೋಸ್ ನಿಂತಿದ್ದರು. ಅವರ ಬಿಳಿ ಗಡ್ಡವೇ ಗಾಳಿಗೆ ತುಂಬಿಕೊಂಡ ಹಾಯಿಯ ಹಾಗಿತ್ತು.

"ದೋಣಿಗೆ ಆಶೀರ್ವಾದ ಮಾಡಿಸಿದೀಯೇನಪ್ಪಾ?"

"ಇಲ್ಲ ಗುರುಗಳೇ. ಶನಿವಾರ ನೀವೇ ದಡದಲ್ಲಿ ನಿಂತು ಎರಡು ಮಾತು…"

"ದಡದಲ್ಲಿ ನಿಂತು ಮಾಡಿದ ಆಶೀರ್ವಾದ ಸೇತುವೆ ತನಕ ಬರುತ್ತೆ, ಅಷ್ಟೆ. ನಾನೇ ಒಳಗಿದ್ರೆ ಇಥಾಕಾ ತನಕ ಭಯವಿಲ್ಲ. ನಾಫ್‌ಪಾಕ್ತೋಸ್‌ನಲ್ಲಿ ನನ್ನ ತಂಗಿ ಇದಾಳೆ. ಎರಡು ದಿನ ನಿಲ್ಲಿಸಿದ್ರೆ ಸಾಕು, ಹೆಚ್ಚೇನೂ ಬೇಡ."

ಪಾದ್ರಿಗಳಿಗೆ ಒಲ್ಲೆ ಎನ್ನುವ ನಾಲಗೆ ಥ್ರಾಸೋಸನಿಗಿರಲಿಲ್ಲ. ಅವನು ತಲೆ ಆಡಿಸಿದ. ಹೇಗೆ ಆಡಿಸಿದನೆಂದು ಅವನಿಗೂ ತಿಳಿಯಲಿಲ್ಲ. ಸಾಲಿನಲ್ಲಿದ್ದವರು ಮಾತ್ರ ಹೌದೆಂದೇ ತಿಳಿದರು. ಔಷಧದಂಗಡಿಯವನೂ ಅವನ ಹೆಂಡತಿಯೂ ತಮ್ಮ ಹೆಸರು ಹೇಳಿದರು. ಹನ್ನೆರಡರ ಹೊತ್ತಿಗೆ ಪೊಲಿಕ್ಸೇನಿ ಕೈಯ ಹಿಟ್ಟು ಒರೆಸಿಕೊಳ್ಳುತ್ತ ಬಂದು ತನ್ನನ್ನೂ ತನ್ನ ತಾಯಿಯನ್ನೂ ಸೇರಿಸಿದಳು.

"ಅಮ್ಮನ ಸೊಂಟಕ್ಕೆ ಉಪ್ಪು ಗಾಳಿ ಒಳ್ಳೇದಂತೆ. ದೋಣೀಲಿ ಎಷ್ಟು ಹಾಸಿಗೆ ಅಂದೆ? ಎಂಟಾ? ನಾವು ಆರು, ನೀವಿಬ್ರು. ದೇವರೇ ಎಣಿಸಿಟ್ಟ ಹಾಗಿದೆ ನೋಡು."

ಎರಡು ಗಂಟೆಗೆ ಕಚೇರಿ ಮುಚ್ಚಿ ಥ್ರಾಸೋಸ್ ಬಂದರಿನ ಕಾಫಿ ಅಂಗಡಿಯ ಮುಂದೆ ಬಂದಾಗ ಅಲ್ಲಿ ಮದುವೆ ಮನೆಯ ಗದ್ದಲ. ಕ್ಯಾಪ್ಟನ್ ಝೀಸಿಸ್ ಔಷಧದಂಗಡಿಯವನಿಗೆ ಹಗ್ಗದ ಗಂಟು ಕಲಿಸುತ್ತಿದ್ದ. ಮೇಜಿನ ಕಾಲಿಗೆ ಹಾಕಿದ ಗಂಟು ಬಿಚ್ಚಲು ಬಾರದೆ, ಕಾಫಿ ಅಂಗಡಿಯವನು ಚಾಕು ಹಿಡಿದು ಬೈಯುತ್ತಿದ್ದ. ಪಾದ್ರಿಗಳು ಸಮುದ್ರಕ್ಕೆ ಒಪ್ಪುವ ಟೋಪಿಯೊಂದನ್ನು ತಲೆಗಿಟ್ಟು ನೋಡುತ್ತಿದ್ದರು. ಪೊಲಿಕ್ಸೇನಿಯ ತಾಯಿಗೆ ಇಥಾಕಾ ದೂರವಾಯಿತಂತೆ, ಅದರ ಬದಲು ಸೋದರ ಸೊಸೆಯಿರುವ ಪಾತ್ರಾಸ್‌ಗೆ ಹೋಗುವುದೆಂದು ತೀರ್ಮಾನವೂ ಆಗಿತ್ತು.

ಥ್ರಾಸೋಸನಿಗೆ ಕಣ್ಣ ಮುಂದೆ ಎವಂಥಿಯಾ ಬಂದಳು. ಹಾಯಿಯ ನೆರಳಿನಲ್ಲಿ ಅವಳು ಕೂತಿದ್ದಾಳೆ, ಅವಳಿಗೂ ತನಗೂ ನಡುವೆ ಆರು ಜನ ಕೂತಿದ್ದಾರೆ. ತಾನು ಕೆಳಗೆ ಒಲೆಯ ಮುಂದೆ ಈರುಳ್ಳಿ ಹೆಚ್ಚುತ್ತಿದ್ದಾನೆ. ಇಪ್ಪತ್ತಾರು ವರ್ಷದಲ್ಲಿ ಒಂದು ಸುಳ್ಳನ್ನೂ ಹೇಳದ ಅಂಚೆಯವನ ಬಾಯಿಂದ ಆಗ ಸುಳ್ಳೊಂದು ಹೊರಬಿತ್ತು.

"ಅರ್ಗಿರಿಸ್ ಫೋನ್ ಮಾಡಿದ್ದ. ದೋಣೀದು ಚುಕ್ಕಾಣಿ ಮುರಿದಿದೆಯಂತೆ. ಪ್ರಯಾಣ ಇಲ್ಲ."

ಗದ್ದಲ ನಿಂತಿತು. ಪಾದ್ರಿಗಳು ಟೋಪಿ ತೆಗೆದರು. "ಅಯ್ಯೋ ಪಾಪ, ಇಪ್ಪತ್ತೈದನೇ ವರ್ಷ," ಎಂದು ಪೊಲಿಕ್ಸೇನಿ ಕಣ್ಣೊರೆಸಿಕೊಂಡಳು. ಥ್ರಾಸೋಸ್ ತಲೆ ತಗ್ಗಿಸಿ, ಹೆಣದ ಹಿಂದೆ ನಡೆಯುವವನಂತೆ ಹೆಜ್ಜೆ ಹಾಕಿದ. ಮೂಲೆ ತಿರುಗಿದ ಮೇಲೆ ಹೆಜ್ಜೆ ಹಗುರಾಯಿತು. ಎರಡನೆಯ ಮೂಲೆಗೆ ಸಿಳ್ಳೆ ಬಂತು. ಯಾರಾದರೂ ಸಮಾಧಾನ ಹೇಳಲು ಕರೆದಾರೆಂದು ಫೋನ್ ಆರಿಸಿ, ಊರಾಚೆಯ ಪೈನ್ ಮರಗಳಡಿ ಕೂತ. ಎದುರಿಗೆ ಕೊಲ್ಲಿ ಹೊಳೆಯುತ್ತಿತ್ತು. ಶುಕ್ರವಾರ ಸಂಜೆ ಸದ್ದಿಲ್ಲದೆ ಇತೆಯಾಕ್ಕೆ ಹೋಗಿ ಅಲ್ಲಿಂದಲೇ ಹೊರಟುಬಿಡುವುದು. ಈ ಸಂಜೆಯೇ ಎವಂಥಿಯಾಳಿಗೆ ಹೇಳಿಬಿಡಬೇಕು. ಯಾವ ಮಾತಿನಿಂದ ಶುರು ಮಾಡುವುದೆಂದು ಹತ್ತು ಬಗೆಯಲ್ಲಿ ಮರಗಳಿಗೆ ಹೇಳಿ ನೋಡಿ, ಆರು ಗಂಟೆಗೆ ಮನೆಗೆ ಬಂದ.

ಎವಂಥಿಯಾ ಹಾಡಿಕೊಳ್ಳುತ್ತ ಚೀಲಕ್ಕೆ ಬಟ್ಟೆ ತುಂಬುತ್ತಿದ್ದಳು. ಅವಳ ಮುಖ ಅಷ್ಟು ಹೊಳೆದದ್ದನ್ನು ಅವನು ಮದುವೆಯ ದಿನ ನೋಡಿದ್ದೇ ಕೊನೆ. ಅಡುಗೆಮನೆಯಲ್ಲಿ ಅರ್ಧ ಊರು ಕೂತು ಅವಳು ಮಾಡಿದ ಪಾಲಕ್ ಕಡುಬು ತಿನ್ನುತ್ತಿತ್ತು.

"ಎಲ್ಲಿಗೆ?" ಎಂದ ಥ್ರಾಸೋಸ್.

"ಇಥಾಕಾಗೆ. ಪಾತ್ರಾಸ್ ಬೇಡ ಅಂತ ನಾನೇ ಜಗಳ ಆಡಿ ಗೆದ್ದೆ." ಅವಳು ಅವನ ಕೈ ಹಿಡಿದು ಮಂಚದ ಮೇಲೆ ಕೂರಿಸಿದಳು. "ನಿನ್ನ ಚುಕ್ಕಾಣಿ ಸುದ್ದಿ ಕೇಳಿ ಪೊಲಿಕ್ಸೇನಿಗೆ ತಡೀಲಿಲ್ಲ. ಸಮಾಧಾನ ಹೇಳೋಣ ಅಂತ ಅರ್ಗಿರಿಸ್‌ಗೆ ಫೋನ್ ಮಾಡಿದಾಳೆ. ಅವನು ನಕ್ಕುಬಿಟ್ಟನಂತೆ. ಯಾವ ಚುಕ್ಕಾಣಿ, ದೋಣಿ ಮದುಮಗಳ ಹಾಗೆ ನಿಂತಿದೆ ಅಂದ."

ಥ್ರಾಸೋಸನ ಕಾಲ ಕೆಳಗಿನ ನೆಲ ಮೆಲ್ಲನೆ ತೂಗಿತು. "ಆಮೇಲೆ?"

"ಆಮೇಲೇನು, ಎಲ್ಲರೂ ಸೀದಾ ಇಲ್ಲಿಗೆ ಬಂದು ನನಗೆ ಹೇಳಿದ್ರು, ನಮಗೆಲ್ಲ ಅರ್ಥ ಆಯ್ತು. ಅದರಲ್ಲಿ ನಾಚಿಕೆ ಏನಿದೆ ಹೇಳು? ಹುಡುಗರಾಗಿದ್ದಾಗ ಇಲ್ಲದಿದ್ರೂ, ದೊಡ್ಡವರಾದ ಮೇಲೆ ನೀರು ಅಂದ್ರೆ ಎಷ್ಟೋ ಗಂಡಸರಿಗೆ ಭಯ. ನನ್ನ ಆಸೆಗೋಸ್ಕರ ಒಪ್ಪಿಕೊಂಡೆ, ದಿನ ಹತ್ರ ಬಂದ ಹಾಗೆ ಎದೆ ನಡುಗ್ತು. ಅದಕ್ಕೇ ತಾನೇ ಇಷ್ಟು ವರ್ಷ ನನ್ನ ಯಾವತ್ತೂ ದೋಣಿ ಹತ್ತಿಸಲಿಲ್ಲ? ನನಗೆ ಹೊಳೆದೇ ಇರಲಿಲ್ಲ ನೋಡು." ಅವಳ ಕಣ್ಣು ಒದ್ದೆಯಾಗಿತ್ತು. "ಯಾರೂ ನಗಬಾರದು, ಒತ್ತಾಯ ಮಾಡಬಾರದು ಅಂತ ಗುರುಗಳು ಎಲ್ಲರಿಗೂ ತಾಕೀತು ಮಾಡಿದಾರೆ."

"ನನಗೆ ಭಯ ಇಲ್ಲ ಎವಂಥಿಯಾ. ನಾನು ಬರ್ತೀನಿ."

"ಹಾಗೆಲ್ಲ ಜಂಬಕ್ಕೆ ಬಿದ್ದು ಹೊರಡಬೇಡ ಮಾರಾಯಾ," ಎಂದು ಬಾಗಿಲಲ್ಲಿ ಕಾಣಿಸಿಕೊಂಡ ಕ್ಯಾಪ್ಟನ್ ಝೀಸಿಸ್. "ಹಾಸಿಗೆಯೂ ಇಲ್ಲ. ನನ್ನ ಕೈಗೆ ಕೊಡಲ್ಲ ಅಂತ ಅರ್ಗಿರಿಸ್ ತಾನೇ ಚುಕ್ಕಾಣಿಗೆ ಬರ್ತಿದಾನೆ. ಎಂಟು ಭರ್ತಿ."

ಅವನ ಬೆನ್ನ ಹಿಂದೆ ಪೊಲಿಕ್ಸೇನಿ, ಅವಳ ತಾಯಿ, ಔಷಧದಂಗಡಿಯ ದಂಪತಿ, ಪಾದ್ರಿಗಳು ಒಬ್ಬೊಬ್ಬರಾಗಿ ಇಣುಕಿದರು. ಎಲ್ಲರ ಮುಖದಲ್ಲೂ ರೋಗಿಯನ್ನು ನೋಡಲು ಬಂದವರ ಕರುಣೆ. ಭಯವಿಲ್ಲದಿದ್ದರೆ ಸುಳ್ಳು ಯಾಕೆ ಹೇಳಿದೆ ಎಂದು ಯಾರಾದರೂ ಕೇಳಿದರೆ, ನೀವೆಲ್ಲ ಬೇಡವಾಗಿದ್ದಿರಿ ಎನ್ನಬೇಕು. ಥ್ರಾಸೋಸ್ ಒಂದೊಂದೇ ಮುಖ ನೋಡಿದ. ಎವಂಥಿಯಾಳ ಚೀಲವನ್ನು ಹತ್ತಿರಕ್ಕೆಳೆದು ಅದರ ಬಾಯಿ ಕಟ್ಟಿದ.

"ಸೋಮವಾರ ಎಲ್ಲಿದ್ರೂ ಫೋನ್ ಮಾಡ್ತೀನಿ," ಎಂದಳು ಎವಂಥಿಯಾ, ಅವನ ತಲೆ ಸವರಿ.

ಔಷಧದಂಗಡಿಯವನು ತನ್ನ ಮನೆಯ ಬೀಗದ ಕೈಯನ್ನು ಅವನ ಅಂಗೈಯಲ್ಲಿಟ್ಟು ಬೆಕ್ಕಿಗೆ ದಿನಕ್ಕೆರಡು ಸಲ ಮೀನು ಹಾಕಬೇಕೆಂದ. ಪೊಲಿಕ್ಸೇನಿಯ ತುಳಸಿ ಕುಂಡಗಳಿಗೆ ನೀರು, ಕ್ಯಾಪ್ಟನ್ನನ ಕೋಳಿಗಳಿಗೆ ಕಾಳು. ಕೊನೆಗೆ ಪಾದ್ರಿಗಳು ಮೊಳದುದ್ದದ ಕಬ್ಬಿಣದ ಕೀಲಿಯೊಂದನ್ನು ಇಟ್ಟರು.

"ಭಾನುವಾರ ಪೂಜೆಗೆ ಪಕ್ಕದೂರಿನ ಗುರುಗಳು ಬರ್ತಾರೆ. ಏಳಕ್ಕೆ ಸರಿಯಾಗಿ ನೀನು ಗೋಪುರ ಹತ್ತಿ ಗಂಟೆ ಬಾರಿಸಿದ್ರೆ ಆಯ್ತು." ಒಂದು ಕ್ಷಣ ತಡೆದು, ದನಿ ತಗ್ಗಿಸಿ ಕೇಳಿದರು. "ಎತ್ತರದ ಭಯ ಇಲ್ಲ ತಾನೇ ಮಗಾ?"

"ಇಲ್ಲ ಗುರುಗಳೇ," ಎಂದ ಥ್ರಾಸೋಸ್.

ಯಾರೂ ನಂಬಿದಂತೆ ಕಾಣಲಿಲ್ಲ.