ಫಾರ್ವರ್ಡ್ ಭಾವ

ನಮ್ಮ ಭಾವ ತಮ್ಮ ಜಿಲ್ಲೆಯ ತಂಡಕ್ಕೆ ಆಡಿದ್ದು ಒಟ್ಟು ನಾಲ್ಕು ನಿಮಿಷ. ಅದನ್ನು ಹೇಳಿ ಮುಗಿಸುವುದಕ್ಕೆ ಮಾತ್ರ ಅವರಿಗೆ ಕನಿಷ್ಠ ಎರಡು ಗಂಟೆ ಬೇಕು! ನಡುವೆ ಯಾರಾದರೂ ಪ್ರಶ್ನೆ ಕೇಳಿದರೋ, ಮತ್ತೆ ಮೊದಲಿನಿಂದ.

ಭಾವ ಐರ್ಲೆಂಡಿನವರು. ಹೌದು, ಮೈಸೂರಿನಲ್ಲಿ ಓದಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಮೂಳೆ ಡಾಕ್ಟರಾಗಿದ್ದ ನಮ್ಮಕ್ಕ ಐರಿಷ್ ಬಡಗಿಯೊಬ್ಬರನ್ನು ಮದುವೆಯಾದಳು. ಅವರ ಆಟದ ಹೆಸರು ಹರ್ಲಿಂಗ್. ಗೊತ್ತಿಲ್ಲವೇ? ಚಿಂತೆಯಿಲ್ಲ, ನನಗೂ ಗೊತ್ತಿರಲಿಲ್ಲ. ಮದುವೆಮನೆಯ ಸಾರಿನ ಸೌಟನ್ನು ಯಾರೋ ಚಪ್ಪಟೆ ಮಾಡಿದಂತಿರುವ ಮರದ ಕೋಲು, ಕಲ್ಲಿನಂಥ ಚೆಂಡು. ಅದನ್ನು ಬಾರಿಸಿ ಎರಡು ಎತ್ತರದ ಕಂಬಗಳ ನಡುವೆ, ಅಡ್ಡಪಟ್ಟಿಯ ಮೇಲಿಂದ ದಾಟಿಸಿದರೆ ಒಂದು ಪಾಯಿಂಟು. ಬಾರಿಸುವಾಗ ನಡುವೆ ಯಾರ ಕೈ ಬಂದರೂ ಅದು ಆ ಕೈಯ ತಪ್ಪು! ಭಾವ ಫಾರ್ವರ್ಡ್. ಅಂದರೆ ಕಂಬಗಳ ಹತ್ತಿರ ಕಾದು ನಿಂತು ಪಾಯಿಂಟು ಹೊಡೆಯುವವರು. ನಾನು ನೋಡಿದ ಮಟ್ಟಿಗೆ, ಕಾದು ನಿಂತು ಪೆಟ್ಟು ತಿನ್ನುವವರು. ಮೊದಲು ಒಂದು ಬೆರಳು ಮುರಿದುಕೊಂಡು ಅಕ್ಕನ ಬಳಿ ಬಂದರು. ಎರಡು ತಿಂಗಳ ಮೇಲೆ ಇನ್ನೊಂದು. ಮೂರನೆಯದನ್ನು ಬೇಕೆಂದೇ ಮುರಿದುಕೊಂಡರೆಂದು ನನ್ನ ಅನುಮಾನ. ನಾಲ್ಕನೆಯದಕ್ಕೆ ಅಕ್ಕ ಉಂಗುರ ಹಾಕಿದಳು.

ಆ ನಾಲ್ಕು ನಿಮಿಷದ ಕಥೆ ಇಷ್ಟೇ. ಚಿಕ್ಕಂದಿನಿಂದ ಊರಿನ ಕ್ಲಬ್ಬಿಗೆ ಆಡಿದ ಭಾವನಿಗೆ ಒಂದು ಬೇಸಿಗೆಯಲ್ಲಿ ಜಿಲ್ಲಾ ತಂಡದಿಂದ ಕರೆ ಬಂತು. ಬೇಸಿಗೆಯಿಡೀ ಬೆಂಚಿನ ಮೇಲೆ ಕೂತಿದ್ದರು. ಕೊನೆಯ ಪಂದ್ಯದಲ್ಲಿ ಇನ್ನೊಬ್ಬ ಫಾರ್ವರ್ಡ್‌ನ ಮಂಡಿ ಉಳುಕಿತು. ಇನ್ನು ನಾಲ್ಕು ನಿಮಿಷ ಇದೆ ಎನ್ನುವಾಗ ಇವರು ಮೈದಾನಕ್ಕಿಳಿದರು. ಚೆಂಡು ಒಮ್ಮೆಯೂ ಇವರತ್ತ ಬರಲಿಲ್ಲ! ಹಾಗಾದರೆ ಎರಡು ಗಂಟೆ ಏನು ಹೇಳುತ್ತಾರೆ? ಬಂದಿದ್ದರೆ ಏನು ಮಾಡುತ್ತಿದ್ದೆ ಎಂದು.

ಮರುವರ್ಷ ಜಿಲ್ಲೆ ಕರೆಯಲಿಲ್ಲ, ಅಮೆರಿಕ ಕರೆಯಿತು. ವಾರವೆಲ್ಲ ಬಡಗಿ ಕೆಲಸ, ಭಾನುವಾರ ಸ್ಯಾನ್ ಫ್ರಾನ್ಸಿಸ್ಕೋದ ಮಂಜು ಸುರಿಯುವ ಮೈದಾನದಲ್ಲಿ ಇತರ ಐರಿಷ್ ಬಡಗಿ, ಗಾರೆಯವರ ಜೊತೆ ಆಟ. ವರ್ಷಗಟ್ಟಲೆ ಹೀಗೇ ನಡೆಯಿತು. ಅಲ್ಲೇ ಹತ್ತಿರದ ಸಾಫ್ಟ್‌ವೇರ್ ಕಂಪನಿಯಲ್ಲಿದ್ದ ನಾನು ಇವರಿಗಾಗಿ ನಾಚಿದ್ದೂ ವರ್ಷಗಟ್ಟಲೆ.

ಕಾಲ ಎಂಥದೆಂದು ಯೋಚಿಸಿ. ಮಿಲ್ಪಿಟಾಸಿನ ಗ್ರೋಸರಿ ಅಂಗಡಿಯಲ್ಲಿ ಕೊತ್ತಂಬರಿ ಸೊಪ್ಪು ಆರಿಸುವವರೂ "ಯಾವ ಸ್ಟಾರ್ಟಪ್ಪು?" ಎಂದು ಕೇಳುತ್ತಿದ್ದ ದಿನಗಳು. ಎಲ್ಲರ ಭಾವಂದಿರೂ ಡಾಟ್-ಕಾಂ. ನಮ್ಮ ಭಾವ ಮಾತ್ರ ಯುಗಾದಿ ಊಟಕ್ಕೂ ಹರ್ಲಿಂಗ್ ಕೋಲು ಹಿಡಿದೇ ಬರುವವರು! ಅದೂ ಸಾಲದೆಂದು, ಅವರು ಕನ್ನಡ ಕಲಿತಿದ್ದು ಅಕ್ಕ ನನ್ನನ್ನು ಗದರುವುದನ್ನು ಕೇಳಿ. ಹಾಗಾಗಿ ಎಪ್ಪತ್ತು ದಾಟಿದ ನಮ್ಮ ಕನ್ನಡ ಸಂಘದ ಅಧ್ಯಕ್ಷರ ಬೆನ್ನು ತಟ್ಟಿ, "ಲೋ, ಊಟ ಆಯ್ತೇನೋ?" ಎಂದುಬಿಟ್ಟರು.

ಅಧ್ಯಕ್ಷರು ನನ್ನ ಕಡೆ ತಿರುಗಿ, "ಏನಪ್ಪಾ ಅದು ಕೋಲು?" ಎಂದರು.

"ಹಾಕಿ ಸಾರ್. ನ್ಯಾಷನಲ್ ಲೆವೆಲ್ಲು," ಎಂದೆ. ಅಷ್ಟು ಸಲೀಸಾಗಿ ಸುಳ್ಳು ಬಂತು.

ಭಾವನಿಗೆ ಹಾಕಿ ಎಂಬ ಪದ ಅರ್ಥವಾಯಿತು. "ನೋ, ನೋ!" ಎಂದವರೇ ಬಾಳೆಲೆಯಿಂದ ಒಂದು ರವೆ ಉಂಡೆ ಎತ್ತಿ ಕೋಲಿನ ತುದಿಯಲ್ಲಿಟ್ಟುಕೊಂಡು, ಬೀಳಿಸದೆ ಹಾಲಿನ ಉದ್ದಕ್ಕೂ ಓಡಿದರು. ಕೊನೆಯಲ್ಲಿ ಅದನ್ನು ಮೇಲಕ್ಕೆಸೆದು ಒಂದು ಬಾರಿಸಿದರು ನೋಡಿ! ಉಂಡೆ ಎದುರಿನ ಗೋಡೆಗೆ ಬಡಿದು, ನೆಲಕ್ಕೆ ಬಿದ್ದು, ಉರುಳಿ ಅಧ್ಯಕ್ಷರ ಕಾಲ ಬಳಿ ನಿಂತಿತು. ಒಡೆಯಲಿಲ್ಲ. ಮಾಡಿದ್ದವಳು ನನ್ನ ಹೆಂಡತಿ.

ಎಲ್ಲರೂ ನಕ್ಕರು. ನನಗೆ ಮಾತ್ರ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಇಷ್ಟರವರೆಗಿನದನ್ನು ನಗುತ್ತಲೇ ಹೇಳಬಹುದು. ಮುಂದಿನದು ಹಾಗಲ್ಲ.

ನಮ್ಮ ಕಂಪನಿ ದೊಡ್ಡದಾಗುತ್ತಿತ್ತು. ಹೊಸಬರಿಗೆ ಕೂರಲು ಗೂಡುಗಳು ಬೇಕಾದವು. ಪಾರ್ಟಿಷನ್ ಹಾಕುವ ಗುಂಪಿನಲ್ಲಿ ಭಾವ ಬಂದರು. ನಾನು ಬೆಂಗಳೂರಿನವರೇ ಆದ ನನ್ನ ಮ್ಯಾನೇಜರ್ ಜೊತೆ ಮೀಟಿಂಗಿಗೆ ಹೋಗುತ್ತಿದ್ದೆ. ಏಣಿಯ ಮೇಲಿಂದ ಖುಷಿಯ ಕೂಗು ಬಂತು: "ಲೋ! ಊಟ ಆಯ್ತೇನೋ?"

ಮ್ಯಾನೇಜರ್ ಬೆರಗಾಗಿ, "ಅರೆ, ಕನ್ನಡ! ಯಾರ್ರೀ ಅದು, ನಿಮಗೆ ಪರಿಚಯನಾ?" ಎಂದರು.

"ಇಲ್ಲ. ಎಲ್ಲೋ ಕಲ್ತಿರ್ಬೇಕು," ಎಂದೆ.

ಇಂಥ ಮಾತು ಅರ್ಥವಾಗುವಷ್ಟು ಕನ್ನಡ ಭಾವನಿಗೆ ಬಾರದಿದ್ದರೆ ಎಷ್ಟು ಚೆನ್ನಾಗಿತ್ತು! ಬರುತ್ತಿತ್ತು. ಮುಂದಿನ ಮೂರು ದಿನ ಎದುರಾದಾಗಲೆಲ್ಲ ಅವರು "ಗುಡ್ ಮಾರ್ನಿಂಗ್, ಸರ್," ಎಂದು ಪಕ್ಕಕ್ಕೆ ಸರಿದು ದಾರಿ ಬಿಟ್ಟರು. ವ್ಯಂಗ್ಯವಿರಲಿಲ್ಲ. ನನಗೆ ಸಹಾಯ ಮಾಡುತ್ತಿದ್ದರು! ಅಕ್ಕನಿಗೆ ಈ ವಿಷಯ ಇಂದಿಗೂ ಗೊತ್ತಿಲ್ಲ.

ಎರಡು ವರ್ಷದಲ್ಲಿ ಡಾಟ್-ಕಾಂ ಗುಳ್ಳೆ ಒಡೆಯಿತು. ಭಾವ ಹಾಕಿದ ಗೂಡುಗಳನ್ನು ಭಾವನೇ ಬಂದು ಕಿತ್ತರು. ಅವರ ತಂಡದ ಅರ್ಧ ಜನ ಕೆಲಸವಿಲ್ಲದೆ ಊರಿಗೆ ಮರಳಿದರು. ಭಾವನಿಗೆ ನಲವತ್ತಾಗಿತ್ತು, ಮಂಡಿ ಮಡಚುತ್ತಿರಲಿಲ್ಲ. ಒಂದು ದಿನ ಫೋನು ಮಾಡಿ, ಈ ಭಾನುವಾರದ್ದೇ ತಮ್ಮ ಕೊನೆಯ ಪಂದ್ಯ, ಕಂಬದ ಬಳಿ ನಿಲ್ಲಲು ಅಂಪೈರಿಲ್ಲ, ಬರುತ್ತೀಯಾ ಎಂದು ಕೇಳಿದರು. "ಈಸಿ. ಒಳಗೆ ಹೋದ್ರೆ ಬಿಳಿ ಬಾವುಟ ಎತ್ತು. ಹೊರಗೆ ಹೋದ್ರೆ ಎರಡೂ ಕೈ ಚಾಚು. ಅಷ್ಟೇ."

ಬೇಡವೆನ್ನಲು ಬಾಯಿ ಬರಲಿಲ್ಲ. ಹೋದೆ. ಮಂಡಿಯವರೆಗೆ ಬರುವ ಬಿಳಿ ಕೋಟು ತೊಡಿಸಿದರು. ಥೇಟ್ ಕಟಿಂಗ್ ಶಾಪಿನವನಂತೆ ಕಾಣುತ್ತಿದ್ದೆ. ಆ ತುದಿಯಲ್ಲಿ ನಾನೊಬ್ಬನೇ ಅಂಪೈರು.

ಆಟ ಮುಗಿಯುವ ಹೊತ್ತಿಗೆ ಭಾವನ ತಂಡ ಒಂದೇ ಪಾಯಿಂಟು ಹಿಂದಿತ್ತು. ಆಗಲೇ ಮೈದಾನದ ಪಕ್ಕದ ದಾರಿಯಲ್ಲಿ ಹೆಂಡತಿಯ ಜೊತೆ ವಾಕಿಂಗ್ ಬರುತ್ತಿದ್ದ ನನ್ನ ಮ್ಯಾನೇಜರ್ ಕಣ್ಣಿಗೆ ಬಿದ್ದರು. ಇಷ್ಟು ದೊಡ್ಡ ಬೇ ಏರಿಯಾದಲ್ಲಿ ಅವರಿಗೆ ವಾಕಿಂಗಿಗೆ ಬೇರೆ ಜಾಗವೇ ಇರಲಿಲ್ಲವೇ! ನಾನು ತಟ್ಟನೆ ಬೆನ್ನು ತಿರುಗಿಸಿ ಕಂಬದ ಮರೆಗೆ ಮುಖ ಹುದುಗಿಸಿದೆ. ತಲೆಯ ಮೇಲೆ ಏನೋ ಸುಯ್ಯೆಂದು ಹೋಯಿತು.

ತಿರುಗಿದರೆ ಹೊಡೆದವರು ಭಾವ. ರೆಫರಿ ನನ್ನನ್ನೇ ನೋಡುತ್ತಿದ್ದಾನೆ. ಕೈಯಲ್ಲಿ ಬಾವುಟ. ಎತ್ತಿದರೆ ಎಲ್ಲರೂ ಕೂಗುತ್ತಾರೆ, ದಾರಿಯಲ್ಲಿದ್ದವರೂ ನಿಂತು ನೋಡುತ್ತಾರೆ. ನಾನು ಎರಡೂ ಕೈ ಚಾಚಿದೆ. ಆದಷ್ಟು ಚಿಕ್ಕದಾಗಿ.

ರೆಫರಿ ಸೀಟಿ ಊದಿದ. ಭಾವನ ತಂಡ ಸೋತಿತು.

ಆಮೇಲೆ ಇಡೀ ತಂಡ ಕೋಲು ಸಮೇತ ನನ್ನತ್ತ ನುಗ್ಗಿತು. "ಒಳಗೆ ಹೋಯಿತು! ಕುರುಡನೇ?" ಎಂದೆಲ್ಲ ಇಂಗ್ಲಿಷಿನಲ್ಲಿ ಕಿರುಚಾಟ. ಕುಂಟುತ್ತಾ ಬಂದ ಭಾವ ನನಗೂ ಅವರಿಗೂ ನಡುವೆ ನಿಂತರು. ಹೊಡೆದವನು ನಾನು, ಹೊರಗೇ ಹೋಯಿತು, ಎಂದರು. ಇವನು ನನ್ನ ಹೆಂಡತಿಯ ತಮ್ಮ, ಸುಳ್ಳು ಹೇಳುವವನಲ್ಲ, ಎಂದೂ ಸೇರಿಸಿದರು. ಗುಂಪು ಗೊಣಗುತ್ತಾ ಚದುರಿತು. ಮ್ಯಾನೇಜರ್ ನನ್ನನ್ನು ನೋಡದೆಯೇ ಯಾವಾಗಲೋ ದಾಟಿ ಹೋಗಿದ್ದರು.

ಭಾವನನ್ನು ಯೂನಿಯನ್ ಸಿಟಿಯ ಮನೆಗೆ ಬಿಡಲು ಕಾರಿನಲ್ಲಿ ಕರೆದುಕೊಂಡು ಹೊರಟೆ. ಫ್ರೀವೇ ಸೇರಿದ ಮೇಲೆ ಕೇಳಿದೆ: "ಭಾವ, ನಿಜ ಹೇಳಿ. ಅದು ಹೊರಗೇ ಹೋಯ್ತಾ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರೆ? ನೀವೇ ಹೊಡೆದಿದ್ದಲ್ವಾ? ನೋಡ್ಲಿಲ್ವಾ?"

"ಇಲ್ಲ." ಅವರು ಕನ್ನಡ ಪದಗಳನ್ನು ಒಂದೊಂದಾಗಿ ಹುಡುಕಿದರು. "ಹೊಡೆದು, ಬಾಲ್ ನೋಡ್ಲಿಲ್ಲ. ನಿನ್ನ ನೋಡಿದೆ. ನೀನು ಬಾವುಟ ಎತ್ತೋದು ನೋಡ್ಬೇಕು ಅಂತ ಆಸೆ."

ನನ್ನನ್ನೇ ನೋಡುತ್ತಿದ್ದರು. ಹಾಗಾದರೆ ನನ್ನ ಬೆನ್ನನ್ನೂ ನೋಡಿದ್ದರು.

ಭಾವ ಮುಂದಕ್ಕೆ ಬಾಗಿ ಹೀಟರು ಹಾಕಿ, ಬಿಸಿಗಾಳಿ ನನ್ನ ಕಡೆಗೆ ಬರುವಂತೆ ತಿರುಗಿಸಿದರು.

"ತುಂಬಾ ಚಳಿ ಇತ್ತು ಅಲ್ಲಿ. ನಿಂತೇ ಇದ್ದೆಯಲ್ಲ, ಪಾಪ," ಎಂದರು.